ಸಿಡುಬಿನಿಂದ ಕೊರೋನಾದವರೆಗೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ದೇವಾಲಯದ ಪೀಠ, ಗೋಪುರ, ಗಂಟೆಗಳನ್ನು ಕುರಿತು ಬರೆಯುವವರು ಹಲವರಿದ್ದಾರೆ. ನಾನು ಬೇರೊಂದು ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಸೋಂಕುರೋಗಗಳು ಬಂದೆರಗಿದಾಗ ಈ ನಾಡಿನಲ್ಲಿ ಧರ್ಮಗುರುವಾದವನು ಏನು ಮಾಡಿದನು, ಏನು ಮಾಡಬೇಕಾಗಿತ್ತು ಎಂಬುದೇ ಆ ಚರಿತ್ರೆ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದ್ಯುಬುವಾ. ಇಲ್ಲಿನವರಂತೆಯೇ ಉಡುಗೆ ತೊಟ್ಟು, ಮಾಂಸಾಹಾರವನ್ನು ತೊರೆದು, ಜನರ ನಡುವೆ ಬಾಳಿದ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಾಸನದ ಬಳಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದವರೂ ಅವರೇ. ಹಿಂದೂ ಆಚಾರ ವಿಚಾರಗಳನ್ನು ಕುರಿತ ಗ್ರಂಥದಿಂದ ಅವರು ಪ್ರಸಿದ್ಧರು. ಆದರೆ ಅವರ ಮತ್ತೊಂದು ಸೇವೆಯನ್ನು ನಮ್ಮವರೇ ಮರೆತಿದ್ದೇವೆ.

ಆ ಕಾಲದಲ್ಲಿ ಸಿಡುಬು ಊರೂರನ್ನೇ ಬರಿದು ಮಾಡುತ್ತಿತ್ತು. ಉಳಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಜೆನ್ನರನು ಹಸುವಿನ ಸಿಡುಬಿನ ರಸದಿಂದ ಮನುಷ್ಯನನ್ನು ರಕ್ಷಿಸಬಹುದೆಂದು ತೋರಿಸಿದನು. 1802ರಲ್ಲಿ ಆ ಲಸಿಕೆ ಮುಂಬಯಿಗೆ ತಲುಪಿತು. ಶೀತಯಂತ್ರಗಳಿಲ್ಲದ ಕಾಲವದು. ಲಸಿಕೆ ಹಾಕಿಸಿಕೊಂಡವನ ತೋಳಿನಲ್ಲಿ ಸುಮಾರು ಎಂಟು ದಿನಗಳಿಗೆ ಏಳುವ ಗುಳ್ಳೆಯಿಂದ ರಸವನ್ನು ತೆಗೆದು ಮತ್ತೊಬ್ಬನಿಗೆ ಹಾಕಬೇಕಾಗಿತ್ತು. ರೋಗವನ್ನು ‘ಅಮ್ಮ’ನೆಂದು ನಂಬಿ ಅಂಜುತ್ತಿದ್ದವರಿಗೆ, ಅನ್ಯರ ಮೈಯ ರಸವನ್ನು ತಮ್ಮ ಮೈಗೆ ಸೇರಿಸಲು ಒಪ್ಪದವರಿಗೆ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಆದರೂ 1803–04ರ ಅವಧಿಯಲ್ಲಿ ದೊಡ್ಡ ಸ್ವಾಮಿಯವರ ಪ್ರಯತ್ನದಿಂದ 25,000ಕ್ಕೂ ಮಿಕ್ಕ ಜನರಿಗೆ ಲಸಿಕೆ ಹಾಕಲಾಯಿತು. ಜನರು ಸೂಜಿಯನ್ನು ನಂಬುವ ಮೊದಲು ಸ್ವಾಮಿಯವರನ್ನು ನಂಬಿದ್ದರೆಂದೇ ನನ್ನ ಭಾವನೆ.

ನಮ್ಮ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟ ಹಿರಿಯರು ಮತ್ತೊಂದು ಮಾರಿಯನ್ನು ಕಂಡ ತಲೆಮಾರಿನವರು. ಅದು 1918ರ ಇನ್‌ಫ್ಲುಯೆಂಜಾ ಜ್ವರ. ಮನುಷ್ಯರಲ್ಲಿ ಆ ರೋಗವನ್ನು ತರುವ ವೈರಾಣುವನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1933ರಲ್ಲಿ. ಆದುದರಿಂದ ಆ ಹಿರಿಯರಿಗೆ ರೋಗವನ್ನು ಗುರುತಿಸುವ ಪರೀಕ್ಷೆಯೂ ಇರಲಿಲ್ಲ, ತಡೆಯುವ ಲಸಿಕೆಯೂ ಇರಲಿಲ್ಲ. ಅವರಿಗಿದ್ದುದು ಪ್ರಾರ್ಥನೆ ಮತ್ತು ಪರಸ್ಪರ ಶುಶ್ರೂಷೆ ಮಾತ್ರ.

ಸಿಡುಬಿನ ಕಥೆ ಮಾತ್ರ ಜಯದಲ್ಲಿ ಮುಗಿಯಿತು. ಭಾರತದಲ್ಲಿ ಅದರ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿನಿಂದಲೇ ಸಿಡುಬು ನಿರ್ಮೂಲವಾಯಿತೆಂದು ಸಾರಿತು. ಬಾಲ್ಯದಲ್ಲಿ ದೇವಿ ಹಾಕಿಸಿಕೊಂಡ ಗುರುತು ನನ್ನ ತೋಳಿನಲ್ಲಿ ಇಂದಿಗೂ ಇದೆ. ನಿಮ್ಮ ಮಕ್ಕಳ ತೋಳಿನಲ್ಲಿ ಅದಿಲ್ಲದಿರುವುದೇ ಆ ಜಯದ ಕುರುಹು.

ಇಷ್ಟೆಲ್ಲವನ್ನೂ ಬಲ್ಲವನಾಗಿದ್ದ ನಾನು 2021ರಲ್ಲಿ ತಪ್ಪಿದೆನು. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಕೊರೋನಾ ಲಸಿಕೆ ದೊರೆಯತೊಡಗಿತ್ತು. ಪಾಸ್ಕ ಹಬ್ಬ ಕಳೆಯಲಿ ಎಂದು ನಾನು ಮುಂದೂಡಿದೆನು. ಹಬ್ಬದ ಮರುವಾರ ಜ್ವರ ಬಂದಾಗ, ಪವಿತ್ರ ವಾರದ ದಣಿವೆಂದು ತಿಳಿದು ಎರಡು ದಿನ ಪರೀಕ್ಷೆಗೆ ಹೋಗಲಿಲ್ಲ, ಬಲಿಪೂಜೆಯನ್ನೂ ಅರ್ಪಿಸಿದೆನು. ಮೂರನೆಯ ದಿನ ಮೂಗಿನ ದ್ರವದ ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು. ಆ ವೇಳೆಗೆ ಗುರುಮನೆಯಲ್ಲಿ ಅಡಿಗೆ ಮಾಡುತ್ತಿದ್ದ ತಾಯಿಯೂ ಹಾಸಿಗೆ ಹಿಡಿದಿದ್ದರು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು, ದೇವರ ಕೃಪೆಯಿಂದ ಮರಳಿ ಬಂದರು. ಸೋಂಕು ಅವರಿಗೆ ನನ್ನಿಂದಲೇ ತಗುಲಿತೆಂದು ಯಾರೂ ಹೇಳಲಾರರು. ಅಲ್ಲವೆಂದು ಹೇಳಲು ನಾನೂ ಆರೆನು.

ದೇವಾಲಯವು ಮತ್ತೆ ತೆರೆದ ಮೊದಲ ಭಾನುವಾರ ಈ ತಪ್ಪನ್ನು ನಿಮ್ಮೆದುರಿಗೆ ಒಪ್ಪಿಕೊಂಡು ಕ್ಷಮೆ ಬೇಡಿದ್ದು ನಿಮಗೆ ನೆನಪಿರಬಹುದು. ಲಸಿಕೆಗೆ ಅಂಜಿ ದೂರವಿದ್ದ ಕೆಲವು ಹಿರಿಯರು ಆ ವಾರವೇ ನನ್ನೊಡನೆ ಬಂದರು. ತೋಳುನೋವು, ಒಂದು ರಾತ್ರಿಯ ಜ್ವರ ನಮಗೆಲ್ಲ ಬಂದವು. ಮರುವರ್ಷ ನನಗೆ ಮತ್ತೆ ಸೋಂಕು ತಗುಲಿತಾದರೂ ನೆಗಡಿಯಷ್ಟರಲ್ಲೇ ಕಳೆಯಿತು. ಲಸಿಕೆಯು ಸೋಂಕನ್ನು ಪೂರ್ಣವಾಗಿ ತಡೆಯಲಾರದು. ಆದರೆ ರೋಗದ ಉಲ್ಬಣವನ್ನೂ ಮರಣವನ್ನೂ ಬಹುಮಟ್ಟಿಗೆ ತಡೆಯುತ್ತದೆ.

ಲಸಿಕೆ ಹಾಕಿಸಿಕೊಳ್ಳುವುದು ಪ್ರೀತಿಯ ಕಾರ್ಯವೆಂದು ಜಗದ್ಗುರು ಫ್ರಾನ್ಸಿಸರು 2021ರಲ್ಲಿ ತಿಳಿಸಿದರು. ಪರೀಕ್ಷೆಯನ್ನು ಕುರಿತು ನಾನು ಒಂದು ಮಾತನ್ನು ಸೇರಿಸುವೆನು: ಅದು ಪಾಪನಿವೇದನೆಯಂತೆ, ಅಡಗಿರುವುದನ್ನು ಬೆಳಕಿಗೆ ತರುತ್ತದೆ. ಸೋಂಕನ್ನು ಮುಚ್ಚಿಡುವವನು ತನ್ನ ಮಾನವನ್ನು ಕಾಯುವುದಿಲ್ಲ. ನೆರೆಯವನ ಪ್ರಾಣವನ್ನು ಪಣಕ್ಕಿಡುತ್ತಾನೆ.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಸಭೆಗೆ ಮುಂದೆಯೂ ಇಂತಹ ಕಾಲ ಬರಬಹುದು. ಅಂದು ಈ ಪೀಠದಲ್ಲಿರುವ ಗುರುವು ನನ್ನಂತೆ ತಡಮಾಡದಿರಲಿ, ದೊಡ್ಡ ಸ್ವಾಮಿಯವರಂತೆ ಮುಂದಾಗಲಿ ಎಂದು ರೋಗಿಗಳನ್ನು ಸ್ವಸ್ಥಪಡಿಸಿದ ಯೇಸುಸ್ವಾಮಿಯನ್ನು ಪ್ರಾರ್ಥಿಸುತ್ತೇನೆ.