ಒಂದು ಕೊರಳು, ಹಲವು ಶ್ರುತಿ

ಕಡೂರು, ತರೀಕೆರೆ, ಅಜ್ಜಂಪುರಗಳ ನೆರೆಯಲ್ಲಿ ಭದ್ರಾವತಿಯ ಆಕಾಶವಾಣಿ ನಿಲಯ ಆರಂಭವಾದುದು 1965ರಲ್ಲಿ. ಬಹುಕಾಲ 675 ಕಿಲೋಹರ್ಟ್ಸ್ ಅದರ ಮಧ್ಯಮ ತರಂಗದ ಶ್ರುತಿಯಾಗಿತ್ತು. ಶಕ್ತಿವರ್ಧಕವನ್ನು ಆ ಒಂದು ಶ್ರುತಿಗೆ ಹೊಂದಿಸಿದರೆ ಸಾಕಾಗುತ್ತಿತ್ತು. ಇಂದಿನ ಮೊಬೈಲ್ ಗೋಪುರವಾದರೋ 900, 1800, 2100 ಮೆಗಾಹರ್ಟ್ಸ್ ಎಂದು ಹಲವು ಶ್ರುತಿಗಳಲ್ಲಿ ಒಮ್ಮೆಗೇ ನುಡಿಯಬೇಕು. ಒಂದೊಂದಕ್ಕೂ ಬೇರೆ ವರ್ಧಕವಿಟ್ಟರೆ ಭಾರವೂ ಹೆಚ್ಚು, ವೆಚ್ಚವೂ ಹೆಚ್ಚು. ಒಂದೇ ವರ್ಧಕ ಎರಡನ್ನು ಹೊತ್ತೀತೆ?

ಈ ಪ್ರಶ್ನೆಯ ಬೇರು ಹಳೆಯದು. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದ್ದು 1935ರಲ್ಲಿ. ಮರುವರ್ಷವೇ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲಿಯಂ ಡೊಹರ್ಟಿ ಹೊಸ ವರ್ಧಕವೊಂದನ್ನು ಪ್ರಕಟಿಸಿದರು. ಅಂದಿನ ಪ್ರೇಷಕಗಳಲ್ಲಿ ವಿದ್ಯುತ್ತಿನ ಬಹುಪಾಲು ಶಾಖವಾಗಿ ಪೋಲಾಗುತ್ತಿತ್ತು. ಡೊಹರ್ಟಿ ಎರಡು ವಾಲ್ವುಗಳನ್ನು ಜೊತೆಗೂಡಿಸಿದರು: ಒಂದು ಸದಾ ದುಡಿಯುವುದು, ಇನ್ನೊಂದು ದನಿ ಏರಿದಾಗ ಮಾತ್ರ ಹೆಗಲು ಕೊಡುವುದು. ಅವೆರಡನ್ನು ಬೆಸೆಯುವುದು ಕಾಲು ತರಂಗದಷ್ಟು ಉದ್ದದ ವಾಹಕ.

ಇಂದಿನ ಗೋಪುರಗಳಲ್ಲೂ ಡೊಹರ್ಟಿಯ ತತ್ತ್ವ ಬಾಳುತ್ತಿದೆ. ಆದರೆ ಗಾಳಿಯಲ್ಲಿ ಕಾಲು ತರಂಗವೆಂದರೆ 1800 ಮೆಗಾಹರ್ಟ್ಸ್‌ಗೆ ಸುಮಾರು 4.2 ಸೆಂಟಿಮೀಟರ್, 2100ಕ್ಕೆ 3.6. ಎರಡಕ್ಕೂ ಒಪ್ಪುವ ಬೆಸುಗೆಯನ್ನು ರಚಿಸುವುದೇ ಶಿಲ್ಪಿಗಳ ಮೊದಲ ಸಾಹಸ. ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ವರ್ಧಕವು ಸಣ್ಣ ದನಿಯನ್ನೂ ದೊಡ್ಡ ದನಿಯನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸದಿದ್ದರೆ ಶ್ರುತಿಗಳು ಬೆರೆಯುತ್ತವೆ. ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದಂತೆ 1500, 2400 ಎಂಬ ಕರೆಯದ ಶ್ರುತಿಗಳು ಹುಟ್ಟಿ, ಆ ತಾಣದಲ್ಲಿರುವವರ ಮಾತನ್ನು ಕೆಡಿಸುತ್ತವೆ. ಅದಕ್ಕಾಗಿ ಸಂಕೇತವನ್ನು ಮೊದಲೇ ವಿರುದ್ಧ ದಿಕ್ಕಿಗೆ ಬಾಗಿಸಿ ಕಳುಹಿಸುತ್ತಾರೆ. ಹೊರಬರುವಾಗ ಅದು ನೆಟ್ಟಗಾಗುತ್ತದೆ.

ಮಾತು ದೂರ ಮುಟ್ಟಬೇಕೆಂಬುದು 1935ರ ಹಂಬಲ. ನೆರೆಯವರ ಮಾತನ್ನು ಕೆಡಿಸದೆ ಮುಟ್ಟಬೇಕೆಂಬುದು ನಮ್ಮ ಕಾಲದ ಹೊಣೆ.