ಯಾವ ದಿನವೂ ಬಾರದ 1420: ಸೂಪರ್‌ಸ್ಕೋರ್‌ನ ಚರಿತ್ರೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಈ ಬರಹರೂಪ. ಮಾತಿನಲ್ಲಿ ಅವಸರವಾಗಿ ಹೇಳಿದ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಮೊದಲು ಒಂದು ಉದಾಹರಣೆ. ಅಮೆರಿಕದಲ್ಲಿ ಒಬ್ಬಳು ಹುಡುಗಿ ಮಾರ್ಚ್‌ನಲ್ಲಿ ಎಸ್‌ಎಟಿ ಬರೀತಾಳೆ ಅಂದ್ಕೊಳ್ಳಿ. ಇಂಗ್ಲಿಷ್ ವಿಭಾಗದಲ್ಲಿ 700, ಗಣಿತದಲ್ಲಿ 640, ಒಟ್ಟು 1340. ಅಕ್ಟೋಬರ್‌ನಲ್ಲಿ ಮತ್ತೆ ಬರೀತಾಳೆ. ಈ ಸಲ ಇಂಗ್ಲಿಷ್ 650ಕ್ಕೆ ಇಳೀತು, ಗಣಿತ 720ಕ್ಕೆ ಏರಿತು, ಒಟ್ಟು 1370. ಈಗ ಅವಳ ಅಂಕ ಎಷ್ಟು? ಅಲ್ಲಿನ ಬಹಳಷ್ಟು ಕಾಲೇಜುಗಳು 1420 ಅಂತಾವೆ. ಮಾರ್ಚ್‌ನ 700, ಅಕ್ಟೋಬರ್‌ನ 720. ಅವಳು ಯಾವ ದಿನವೂ 1420 ತೆಗೆದೇ ಇಲ್ಲ! ಇದಕ್ಕೆ ಸೂಪರ್‌ಸ್ಕೋರ್ ಅಂತ ಹೆಸರು.

ಇದು ಹೇಗೆ ಶುರುವಾಯ್ತು ಅಂತ ತಿಳಿಯೋಕೆ ಪರೀಕ್ಷೆಯ ಹುಟ್ಟಿನವರೆಗೆ ಹೋಗಬೇಕು. 1926ರ ಜೂನ್ 23ರಂದು ಮೊದಲ ಎಸ್‌ಎಟಿ ನಡೆಯಿತು. ಬರೆದವರು ಸುಮಾರು 8,000 ವಿದ್ಯಾರ್ಥಿಗಳು. 97 ನಿಮಿಷದಲ್ಲಿ 315 ಪ್ರಶ್ನೆ. ಇದನ್ನು ರೂಪಿಸಿದ್ದು ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಘಮ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ 'ಬುದ್ಧಿಮತ್ತೆ' ಅಳೆಯುವ ಕೆಲಸದಲ್ಲಿ ಇದ್ದವನು. 1923ರಲ್ಲಿ ಅದೇ ಅಂಕಿಗಳನ್ನು ಇಟ್ಟುಕೊಂಡು, ಉತ್ತರ ಯುರೋಪಿನ ಜನಾಂಗವೇ ಮೇಲು ಅಂತ ಒಂದು ಪುಸ್ತಕ ಬರೆದ. 1930ರಲ್ಲಿ ಆ ತೀರ್ಮಾನಗಳಿಗೆ ಆಧಾರವೇ ಇಲ್ಲ ಅಂತ ತಾನೇ ಬರೆದು ಹಿಂತೆಗೆದುಕೊಂಡ. ಅಷ್ಟರಲ್ಲಿ ಪರೀಕ್ಷೆ ಬೇರು ಬಿಟ್ಟಾಗಿತ್ತು. ಹಾರ್ವರ್ಡ್ ಅಧ್ಯಕ್ಷ ಜೇಮ್ಸ್ ಕೋನಂಟ್ ಇದನ್ನು ವಿದ್ಯಾರ್ಥಿವೇತನಕ್ಕೆ ಬಳಸಿದರು, 1947ರಲ್ಲಿ ಇಟಿಎಸ್ ಸಂಸ್ಥೆ ಹುಟ್ಟಿತು.

ಈ ಪರೀಕ್ಷೆಯ ಹಿಂದಿದ್ದ ನಂಬಿಕೆ ಏನು ಅಂದ್ರೆ, ಬುದ್ಧಿ ಅನ್ನೋದು ಎತ್ತರದ ಥರ. ಒಂದು ಸಲ ಅಳೆದರೆ ಸಾಕು. ಹಾಗಿದ್ದರೆ ಎರಡನೇ ಸಲ ಬರೆಯೋದಕ್ಕೆ ಅರ್ಥವೇ ಇಲ್ಲ. ಟ್ಯೂಷನ್‌ನಿಂದ ಅಂಕ ಏರಲ್ಲ ಅಂತ ಪರೀಕ್ಷೆ ನಡೆಸುವವರು ದಶಕಗಳ ಕಾಲ ವಾದಿಸಿದ್ದೂ ಇದೇ ಕಾರಣಕ್ಕೆ. ಇತ್ತ ಬ್ರೂಕ್ಲಿನ್‌ನಲ್ಲಿ ಸ್ಟ್ಯಾನ್ಲಿ ಕಪ್ಲಾನ್ ಅನ್ನೋರು ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಪಾಠ ಶುರು ಮಾಡಿ, ಅದನ್ನೇ ಒಂದು ಉದ್ಯಮ ಮಾಡಿಬಿಟ್ಟರು. ನಮ್ಮ ಕೋಚಿಂಗ್ ಸೆಂಟರ್‌ಗಳ ಅಜ್ಜ ಅನ್ನಬಹುದೇನೋ.

ಸೂಪರ್‌ಸ್ಕೋರ್‌ಗೆ ದಾರಿ ಮಾಡಿಕೊಟ್ಟ ಬದಲಾವಣೆ 1930ರದ್ದು. ಆ ವರ್ಷ ಭಾಷೆಗೂ ಗಣಿತಕ್ಕೂ ಬೇರೆ ಬೇರೆ ಅಂಕ ಕೊಡೋಕೆ ಶುರು ಮಾಡಿದರು. ಅಂಕಪಟ್ಟಿಯಲ್ಲಿ ಎರಡು ಸಂಖ್ಯೆ ಬೇರೆ ಬೇರೆ ಕಾಲಂನಲ್ಲಿ ಕೂತಮೇಲೆ ಪ್ರತಿ ಕಾಲಂನ ಗರಿಷ್ಠವನ್ನು ಆರಿಸಿ ಕೂಡಿಸೋದು ಬಹಳ ಸುಲಭ. ಇವತ್ತಿನ ಭಾಷೆಯಲ್ಲಿ ಒಂದು ಮ್ಯಾಕ್ಸ್ ಫಂಕ್ಷನ್, ಅಷ್ಟೇ.

ಕಾಲೇಜುಗಳು ಇದನ್ನು ಯಾಕೆ ಒಪ್ಪಿಕೊಂಡವು? ಮಕ್ಕಳ ಮೇಲಿನ ಪ್ರೀತಿಯಿಂದ ಅಂತ ಅವರ ವೆಬ್‌ಸೈಟ್ ಹೇಳುತ್ತೆ: ನಿಮ್ಮ ಅತ್ಯುತ್ತಮವನ್ನು ನಾವು ನೋಡ್ತೀವಿ ಅಂತ. ಇರಬಹುದು. ಆದ್ರೆ 1983ರಿಂದ ಯುಎಸ್ ನ್ಯೂಸ್ ಪತ್ರಿಕೆ ಕಾಲೇಜು ರ್‍ಯಾಂಕಿಂಗ್ ಪ್ರಕಟಿಸುತ್ತಿದೆ. ಸೇರಿದ ವಿದ್ಯಾರ್ಥಿಗಳ ಅಂಕಗಳನ್ನು ಕಾಲೇಜುಗಳು ವಿಭಾಗವಾರು ವರದಿ ಮಾಡುತ್ತವೆ. ವಿದ್ಯಾರ್ಥಿಯ ಅತ್ಯುತ್ತಮ ವಿಭಾಗಗಳನ್ನು ಲೆಕ್ಕಕ್ಕೆ ಹಿಡಿದರೆ ಕಾಲೇಜಿನ ಸರಾಸರಿಯೂ ತಾನಾಗಿ ಏರುತ್ತೆ. ಖರ್ಚಿಲ್ಲದೆ ಮರ್ಯಾದೆ ಹೆಚ್ಚಾಗೋದಾದ್ರೆ ಯಾರು ಬೇಡ ಅಂತಾರೆ?

ಈಗ ಲೆಕ್ಕಕ್ಕೆ ಬರೋಣ. ಎಂಟೆಕ್‌ನಲ್ಲಿ ಕಲಿತ ಪ್ರಾಬಬಿಲಿಟಿ ಆಫೀಸಿನಲ್ಲಿ ಅಪರೂಪಕ್ಕೆ ಉಪಯೋಗಕ್ಕೆ ಬರುತ್ತೆ, ಇಲ್ಲಿ ಬಂತು. ಒಬ್ಬನ ಸಾಮರ್ಥ್ಯ ಬದಲಾಗದೇ ಇದ್ದರೂ ಅಂಕ ದಿನದಿಂದ ದಿನಕ್ಕೆ ಆಚೀಚೆ ಆಗುತ್ತೆ. ಪ್ರತಿ ವಿಭಾಗದಲ್ಲಿ ಈ ಏರುಪೇರಿನ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 30 ಅಂಕ ಅಂತ ಇಟ್ಕೊಳ್ಳಿ. ಮೂರು ಸಲ ಬರೆದು ಒಂದು ವಿಭಾಗದ ಗರಿಷ್ಠ ತಗೊಂಡ್ರೆ, ಏನೂ ಹೊಸದಾಗಿ ಕಲಿಯದೆ ಸರಾಸರಿ 25 ಅಂಕ ಲಾಭ. ಎರಡು ವಿಭಾಗಕ್ಕೆ ಸುಮಾರು 50. ಅದೇ ಮೂರರಲ್ಲಿ ಒಂದೇ ದಿನದ ಒಟ್ಟು ಅಂಕವನ್ನು ಆರಿಸಿದರೆ ಲಾಭ ಸುಮಾರು 36 ಮಾತ್ರ. ಎರಡಕ್ಕಿಂತ ಹೆಚ್ಚು ವಿಭಾಗ ಇರುವ ಎಸಿಟಿ ಪರೀಕ್ಷೆಯಲ್ಲಿ ಈ ಅಂತರ ಇನ್ನೂ ಹಿಗ್ಗುತ್ತೆ. ನಮ್ಮ ಫೀಲ್ಡ್‌ನಲ್ಲಿ ಬೆಂಚ್‌ಮಾರ್ಕ್ ಹತ್ತು ಸಲ ಓಡಿಸಿ, ಪ್ರತಿ ಟೆಸ್ಟ್‌ನ ಅತಿ ವೇಗದ ರನ್ ಮಾತ್ರ ಸ್ಲೈಡ್‌ಗೆ ಹಾಕಿದರೆ ರಿವ್ಯೂನಲ್ಲಿ ಯಾರಾದರೂ ಕೇಳೇ ಕೇಳ್ತಾರೆ.

ಎಲ್ಲರೂ ಮೂರು ಸಲ ಬರೆದರೆ ಎಲ್ಲರಿಗೂ ಅದೇ 50 ಸಿಗುತ್ತೆ, ತಂಟೆ ಇಲ್ಲ. ಆದ್ರೆ ಎಲ್ಲರೂ ಬರೆಯಲ್ಲ. ಜೇಕಬ್ ವಿಗ್ಡರ್ ಮತ್ತು ಚಾರ್ಲ್ಸ್ ಕ್ಲಾಟ್‌ಫೆಲ್ಟರ್ 2003ರಲ್ಲಿ ಇದರ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಗರಿಷ್ಠ ಅಂಕವನ್ನೇ ಪರಿಗಣಿಸುವ ನಿಯಮ ಮತ್ತೆ ಮತ್ತೆ ಬರೆಯೋಕೆ ಪ್ರೋತ್ಸಾಹ ಕೊಡುತ್ತೆ; ಪರೀಕ್ಷೆಯ ಖರ್ಚು ಭಾರವಾದವರು, ತನ್ನ ಮೇಲೆ ತನಗೇ ನಂಬಿಕೆ ಕಡಿಮೆ ಇರುವವರು ಹಿಂದೆ ಬೀಳ್ತಾರೆ ಅಂತ ತೋರಿಸಿದರು.

2020ರಲ್ಲಿ ಪ್ರಕಟವಾದ ಗುಡ್‌ಮನ್, ಗುರಾಂಟ್ಜ್, ಸ್ಮಿತ್ ಅವರ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಅಂಕ ನೂರರ ಗಡಿಗಿಂತ ಸ್ವಲ್ಪ ಕೆಳಗೆ ನಿಂತವರು, ಅಂದ್ರೆ 1190 ಬಂದವರು, 1200 ಬಂದವರಿಗಿಂತ ಹೆಚ್ಚಾಗಿ ಮತ್ತೆ ಬರೀತಾರೆ. ಬಾಟಾ ಬೆಲೆಯ ಮನಸ್ಸು! ಆ ಪುಟ್ಟ ವ್ಯತ್ಯಾಸ ಹಿಡಿದು ಅವರು ಮರುಪರೀಕ್ಷೆಯ ಪರಿಣಾಮ ಅಳೆದರು. ಎಸ್‌ಎಟಿ ಬರೆದವರಲ್ಲಿ ಅರ್ಧದಷ್ಟು ಜನ ಮಾತ್ರ ಮತ್ತೆ ಬರೆಯುತ್ತಾರೆ, ಬಡ ಮನೆಯ ಮಕ್ಕಳಲ್ಲಿ ಇನ್ನೂ ಕಡಿಮೆ. ಹಾಗೆ ಬರೆದ ಬಡ ಮಕ್ಕಳಿಗೇ ನಾಲ್ಕು ವರ್ಷದ ಕಾಲೇಜಿಗೆ ಸೇರುವ ಲಾಭ ಹೆಚ್ಚು. ಮತ್ತೆ ಬರೆಯುವ ಪ್ರಮಾಣ ಸಮ ಆದರೆ, ಆದಾಯದಿಂದ ಆಗುವ ಕಾಲೇಜು ಸೇರ್ಪಡೆಯ ಅಂತರದಲ್ಲಿ ಶೇ. 10ರವರೆಗೆ ಮುಚ್ಚಬಹುದು ಅಂತ ಅವರ ಅಂದಾಜು. ಬಡ ವಿದ್ಯಾರ್ಥಿಗಳಿಗೆ ಎರಡು ಸಲ ಶುಲ್ಕ ಮನ್ನಾ ಇದೆ ನಿಜ. ಆದ್ರೆ ಶನಿವಾರ ಕೆಲಸಕ್ಕೆ ಹೋಗುವ ಹುಡುಗನಿಗೆ ಆ ಬೆಳಗಿನ ಸಂಬಳ ಯಾರು ಕೊಡ್ತಾರೆ? ಹಾಗಾಗಿ ಮರುಪರೀಕ್ಷೆಗೆ ನನ್ನ ವಿರೋಧ ಇಲ್ಲ, ಅದರ ದಾರಿ ತಿಳಿದವರಿಗೆ ಮಾತ್ರ ತಿಳಿದಿರೋದಕ್ಕೆ ಇದೆ.

ಇತಿಹಾಸದ ತಮಾಷೆ ಎಸಿಟಿಯದ್ದು. 1959ರಲ್ಲಿ ಅಯೋವಾದಲ್ಲಿ ಹುಟ್ಟಿದ ಈ ಸಂಸ್ಥೆ ಬಹಳ ಕಾಲ ಒಂದೇ ದಿನದ ಅಂಕವೇ ಸರಿ ಅನ್ನುತ್ತಿತ್ತು. ಆಮೇಲೆ ಅವರದೇ ಸಂಶೋಧಕರು ಕೊನೆಯ ಅಂಕ, ಸರಾಸರಿ, ಗರಿಷ್ಠ, ಸೂಪರ್‌ಸ್ಕೋರ್ ಎಲ್ಲವನ್ನೂ ಹೋಲಿಸಿ ನೋಡಿದರೆ, ಕಾಲೇಜಿನ ಮೊದಲ ವರ್ಷದ ಅಂಕವನ್ನು ಊಹಿಸೋದರಲ್ಲಿ ಸೂಪರ್‌ಸ್ಕೋರ್ ಏನೂ ಹಿಂದೆ ಬೀಳಲಿಲ್ಲ. ಮತ್ತೆ ಮತ್ತೆ ಕೂತು ಬರೆಯುವ ಹಟ ಕಾಲೇಜಿನಲ್ಲೂ ಕೆಲಸಕ್ಕೆ ಬರುತ್ತೇನೋ ಅನ್ನೋದು ಇದಕ್ಕೊಂದು ವಿವರಣೆ. ಮೇಲಿನ ನನ್ನ 'ಸುಮ್ಮನೆ ಲಾಭ' ಲೆಕ್ಕಕ್ಕೆ ಇದು ಒಳ್ಳೇ ಪ್ರತಿವಾದ, ಒಪ್ಪಲೇಬೇಕು. 2019ರ ಅಕ್ಟೋಬರ್‌ನಲ್ಲಿ ಎಸಿಟಿ ಇನ್ನೂ ಮುಂದೆ ಹೋಗಿ, ಬೇಕಾದ ಒಂದೇ ವಿಭಾಗ ಮತ್ತೆ ಬರೀಬಹುದು ಅಂತ ಘೋಷಿಸಿತು. ಅಷ್ಟರಲ್ಲಿ ಕೋವಿಡ್ ಬಂತು, ಅದು ಮುಂದಕ್ಕೆ ಹೋಯಿತು. ಸೂಪರ್‌ಸ್ಕೋರ್ ವರದಿ ಮಾತ್ರ 2021ರಲ್ಲಿ ಜಾರಿಗೆ ಬಂತು.

ಎಲ್ಲ ಕಾಲೇಜುಗಳೂ ಒಪ್ಪಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಒಂದೇ ದಿನದ ಅತ್ಯುತ್ತಮ ಒಟ್ಟು ಅಂಕ ನೋಡುತ್ತಿತ್ತು. 2020ರಲ್ಲಿ ಈ ಪರೀಕ್ಷೆಗಳ ಅಗತ್ಯವನ್ನೇ ಕೈಬಿಡುವ ನಿರ್ಧಾರ ಮಾಡಿತು.

ನಮ್ಮಲ್ಲಿ? ಜೆಇಇ ಮೇನ್ 2019ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೀತಿದೆ, ಆದ್ರೆ ಅಲ್ಲಿ ಒಂದು ಸೆಷನ್‌ನ ಒಟ್ಟು ಅಂಕವೇ ಲೆಕ್ಕ. ಜನವರಿಯ ಫಿಸಿಕ್ಸ್ ಏಪ್ರಿಲ್‌ನ ಗಣಿತಕ್ಕೆ ಸೇರಲ್ಲ. ಕರ್ನಾಟಕದ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿಯಲ್ಲಿ ಮಾತ್ರ 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದು, ವಿಷಯವಾರು ಉತ್ತಮ ಅಂಕ ಉಳಿಸಿಕೊಳ್ಳಬಹುದು. ಹೆಸರು ಬೇರೆ, ಲೆಕ್ಕ ಅದೇ. ಪುಣೆ, ಹೈದರಾಬಾದ್‌ನಲ್ಲಿ ಸಿಬಿಎಸ್‌ಇ ಶಾಲೆಗೆ ಮಕ್ಕಳನ್ನು ಕಳಿಸುವವರು ಗಮನಿಸಿ: 2026ರಿಂದ ಹತ್ತನೇ ತರಗತಿಗೆ ಎರಡು ಪರೀಕ್ಷೆ. ಮೊದಲನೆಯದು ಕಡ್ಡಾಯ, ಎರಡನೆಯದರಲ್ಲಿ ಮೂರು ಮುಖ್ಯ ವಿಷಯದವರೆಗೆ ಅಂಕ ಸುಧಾರಿಸಿಕೊಳ್ಳಬಹುದು.