ಬ್ಯಾಸ್ಕೆಟ್‌ಬಾಲಿನ ಮಹಾಕಾಯರು

ರಣರಂಗದಲ್ಲಿ ಬೆನ್ನು ತೋರಿಸುವುದು ನಮ್ಮಲ್ಲಿ ಹೇಡಿತನದ ಗುರುತು. ನಮ್ಮ ವೀರಗಲ್ಲುಗಳಲ್ಲಿ ಹೆಸರು ಪಡೆದವರು ಶತ್ರುವಿಗೆ ಎದೆಗೊಟ್ಟು ನಿಂತವರು. ಆದರೆ ಬೆನ್ನುಕೊಟ್ಟು ನಿಲ್ಲುವುದನ್ನೇ ಒಂದು ಶೌರ್ಯವನ್ನಾಗಿ, ಒಂದು ಕಲೆಯನ್ನಾಗಿ ಬೆಳೆಯಿಸಿದ ಆಟವೊಂದು ಅಮೆರಿಕಾ ದೇಶದಲ್ಲಿ ಹುಟ್ಟಿತು. ಅದು ಬ್ಯಾಸ್ಕೆಟ್‌ಬಾಲ್. ಈ ಆಟವನ್ನೇ ವೃತ್ತಿಯಾಗಿ ಕೈಕೊಂಡ ಮಹಾಕಾಯರು ಬುಟ್ಟಿಗೆ ಬೆನ್ನುಮಾಡಿ, ಎದುರಾಳಿಯ ಎದೆಗೆ ತಮ್ಮ ಬೆನ್ನನ್ನು ಆನಿಸಿ, ಅವನನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ಒತ್ತುತ್ತ ಹೋಗಿ, ತಟಕ್ಕನೆ ತಿರುಗಿ ಚೆಂಡನ್ನು ಬುಟ್ಟಿಗೆ ಹಾಕುತ್ತಿದ್ದರು. ಕಂಬದಂತೆ ನೆಟ್ಟು ನಿಲ್ಲುವ ಈ ಬಗೆಗೆ ಅವರಲ್ಲಿ ‘ಪೋಸ್ಟ್’ ಆಟ, ಎಂದರೆ ಕಂಬದ ಆಟ, ಎಂದು ಹೆಸರು. ಅರ್ಧ ಶತಮಾನದ ಕಾಲ ವೃತ್ತಿಪರ ಬ್ಯಾಸ್ಕೆಟ್‌ಬಾಲಿನ ನಡುಗಂಬವಾಗಿದ್ದ ಈ ಕಲೆಯು ಹೇಗೆ ಬೆಳೆಯಿತು, ಏಕೆ ಮಾರ್ಪಟ್ಟಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಉಪಾಧ್ಯಾಯನು ಈ ಆಟವನ್ನು ಕಲ್ಪಿಸಿದನು. ಗುರಿಯನ್ನು ತಲೆಯ ಮಟ್ಟಕ್ಕಿಂತ ಮೇಲೆ ಇಟ್ಟರೆ ಚೆಂಡನ್ನು ರಭಸದಿಂದ ಹೊಡೆದು ಪ್ರಯೋಜನವಿಲ್ಲ, ನಯವಾಗಿ ಬಾಗಿಸಿ ಎಸೆಯಬೇಕಾಗುವುದು ಎಂಬುದು ಅವನ ಎಣಿಕೆ. ಆ ಶಾಲೆಯ ವ್ಯಾಯಾಮಮಂದಿರದ ಮಹಡಿಯ ಅಂಚು ನೆಲದಿಂದ 10 ಅಡಿಯ ಮೇಲಿದ್ದುದರಿಂದ ಹಣ್ಣಿನ ಬುಟ್ಟಿಗಳನ್ನು ಅಲ್ಲಿಗೇ ಮೊಳೆ ಹೊಡೆದು ನಿಲ್ಲಿಸಿದರು. ಬುಟ್ಟಿಯ ಎತ್ತರವು ಇಂದಿಗೂ ಅಷ್ಟೇ ಇದೆ. ಬಲವನ್ನು ಬದಿಗಿರಿಸಬೇಕೆಂದು ಹುಟ್ಟಿದ ಆಟ ಇದು. ಆದರೆ ಬುಟ್ಟಿಯು ಮೇಲಿದ್ದ ಮೇಲೆ ಎತ್ತರವಾದವನಿಗೆ ಅದು ಹತ್ತಿರವಾಗುವುದನ್ನು ತಡೆಯುವವರಾರು? ಮುಂದಿನ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆಯಿತೆನ್ನಬಹುದು.

ಈ ಪ್ರಶ್ನೆಯನ್ನು ಮೊದಲು ತೀವ್ರವಾಗಿ ಎತ್ತಿದವನು ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಊರಿನ ಜಾರ್ಜ್ ಮೈಕನ್. ಎತ್ತರ 6 ಅಡಿ 10 ಅಂಗುಲ, ಕಣ್ಣಿಗೆ ದಪ್ಪ ಕನ್ನಡಕ, ನಡೆಯಲ್ಲಿ ತೊಡಕು. ಇಂಥವನು ಆಟಕ್ಕೆ ಒದಗಲಾರನೆಂಬುದೇ ಆ ಕಾಲದ ಅಭಿಪ್ರಾಯ. ಷಿಕಾಗೋ ನಗರದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ರೇ ಮೆಯರ್ ಎಂಬ ಶಿಕ್ಷಕನು ಹುಡುಗನಿಗೆ ಹಗ್ಗದ ಜಿಗಿತ, ಮುಷ್ಟಿಯುದ್ಧ, ನೃತ್ಯ ಇವುಗಳ ಅಭ್ಯಾಸ ಮಾಡಿಸಿದನು. ಬುಟ್ಟಿಯ ಕೆಳಗೆ ನಿಂತು ಬಲಗೈಯಿಂದೊಮ್ಮೆ ಎಡಗೈಯಿಂದೊಮ್ಮೆ ಎಡೆಬಿಡದೆ ಚೆಂಡನ್ನು ಹಾಕುವ ಸಾಧನೆಯು ಇಂದಿಗೂ ಮೈಕನ್ ಅಭ್ಯಾಸವೆಂದೇ ಪ್ರಸಿದ್ಧವಾಗಿದೆ. ತೊಡಕಿನ ಹುಡುಗನು ಮಲ್ಲನಾದನು. ಮಿನಿಯಾಪೊಲಿಸ್ ತಂಡವು 1949ರಿಂದ 1954ರ ವರೆಗಿನ ಆರು ವರ್ಷಗಳಲ್ಲಿ ಐದು ಸಲ ವೃತ್ತಿಪರ ಪಟ್ಟವನ್ನು ಗೆದ್ದುದು ಅವನ ಹೆಗಲಿನ ಬಲದಿಂದಲೇ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡವು ಅವನಿಗೆ ಅವಕಾಶ ಕೊಡಬಾರದೆಂದು ಚೆಂಡನ್ನು ಕೈಯಲ್ಲೇ ಹಿಡಿದು ಕಾಲ ಕಳೆಯಿತು. ಪಂದ್ಯವು 19ಕ್ಕೆ 18ರಂತೆ ಮುಗಿಯಿತು. ಸೋತ ಮಿನಿಯಾಪೊಲಿಸಿನ ಆ ಹದಿನೆಂಟರಲ್ಲಿ ಹದಿನೈದು ಅಂಕಗಳು ಮೈಕನ್ನನವು!

ಆಗ ನಿಯಮ ಮಾಡುವವರು ಎಚ್ಚತ್ತರು. ಬುಟ್ಟಿಯ ಮುಂದೆ ಬಣ್ಣ ಹಚ್ಚಿದ ಒಂದು ಓಣಿಯುಂಟು. ದಾಳಿಮಾಡುವವನು ಅದರೊಳಗೆ ಮೂರು ಸೆಕೆಂಡುಗಳಿಗಿಂತ ಹೆಚ್ಚಾಗಿ ನಿಲ್ಲಕೂಡದು. 6 ಅಡಿ ಅಗಲವಿದ್ದ ಆ ಓಣಿಯನ್ನು 1951ರಲ್ಲಿ 12 ಅಡಿಗೆ ಹೆಚ್ಚಿಸಿದರು. ಬಳಿಕ ವಿಲ್ಟ್ ಚೇಂಬರ್ಲೇನ್ ಎಂಬ ಮತ್ತೊಬ್ಬ ದೈತ್ಯನು ಬಂದು, 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದನು. 1964ರಲ್ಲಿ ಓಣಿಯ ಅಗಲ 16 ಅಡಿಯಾಯಿತು. 1967ರಲ್ಲಿ ಕಾಲೇಜುಗಳ ಆಟದಲ್ಲಿ ಚೆಂಡನ್ನು ಬುಟ್ಟಿಯೊಳಕ್ಕೆ ಕೈಯಿಂದಲೇ ತುರುಕುವುದನ್ನು ನಿಷೇಧಿಸಿದರು; ಆ ನಿಷೇಧ 1976ರ ವರೆಗೂ ಇದ್ದಿತು. ಆಗ ಲಾಸ್ ಏಂಜಲಿಸಿನಲ್ಲಿ ಓದುತ್ತಿದ್ದ 7 ಅಡಿ 2 ಅಂಗುಲದ ತರುಣನನ್ನು ಕಂಡೇ ಈ ನಿಯಮ ಬಂತೆಂದು ಹಲವರು ಭಾವಿಸಿದರು.

ಆ ತರುಣನೇ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಲೋಕವಿಖ್ಯಾತನಾದವನು. ತುರುಕುವುದು ತಪ್ಪಿದರೆ ಏನಾಯಿತು? ಅವನು ಪಕ್ಕಕ್ಕೆ ತಿರುಗಿ, ತೋಳನ್ನು ಪೂರ್ಣವಾಗಿ ಮೇಲೆ ಚಾಚಿ, ಕೊಕ್ಕೆಯಂತೆ ಮಣಿಕಟ್ಟನ್ನು ಬಾಗಿಸಿ ಚೆಂಡನ್ನು ಬಿಡುವ ಎಸೆತವನ್ನು ಹದಗೊಳಿಸಿದನು. ಅದನ್ನು ತಡೆಯಬಲ್ಲವರು ವಿರಳ. 1989ರಲ್ಲಿ ನಿವೃತ್ತನಾಗುವ ವೇಳೆಗೆ ಅವನು ಕೂಡಿಹಾಕಿದ್ದ 38,387 ಅಂಕಗಳನ್ನು 2023ರ ಫೆಬ್ರವರಿಯಲ್ಲಿ ಲೆಬ್ರಾನ್ ಜೇಮ್ಸ್ ಮೀರುವ ವರೆಗೆ ಯಾರೂ ಮುಟ್ಟಲಿಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟು: ಅಲ್ಲಿಯ ವರೆಗಿನ ಪ್ರತಿಯೊಂದು ಅಡ್ಡಿಯೂ ಮಹಾಕಾಯನಿಂದ ಒಂದು ಹೊಸ ವಿದ್ಯೆಯನ್ನು ಹೊರಡಿಸಿತು. ನಮ್ಮ ಗರಡಿಗಳಲ್ಲಿ ಒಂದು ಪಟ್ಟಿಗೆ ಒಂದು ಮರುಪಟ್ಟು ಹುಟ್ಟುವಂತೆ, ನಿಯಮಕ್ಕೆ ಎದುರಾಗಿ ಕೌಶಲ ಹುಟ್ಟುತ್ತಿದ್ದಿತು. ನೈಜೀರಿಯಾದ ಲಾಗೋಸಿನಲ್ಲಿ ಕಾಲ್ಚೆಂಡನ್ನೂ ಕೈಚೆಂಡನ್ನೂ ಆಡಿ ಬೆಳೆದ ಹಕೀಮ್ ಒಲಾಜುವಾನನು ಕಾಲುಗಳ ಚಳಕದಿಂದ ಎದುರಾಳಿಗಳನ್ನು ಮರುಳುಗೊಳಿಸಿ 1994, 1995ರಲ್ಲಿ ಹ್ಯೂಸ್ಟನ್ ತಂಡಕ್ಕೆ ಪಟ್ಟ ತಂದನು. ಷಕೀಲ್ ಓನೀಲನು ತನ್ನ ದೇಹದ ಭಾರದಿಂದಲೇ 2000ದಿಂದ 2002ರ ವರೆಗೆ ಲಾಸ್ ಏಂಜಲಿಸ್ ತಂಡಕ್ಕೆ ಮೂರು ಪಟ್ಟಗಳನ್ನು ಗಳಿಸಿಕೊಟ್ಟನು.

ಆದರೆ ಅಷ್ಟರಲ್ಲಿಯೇ ಆಟದ ನೆಲ ಕದಲಿದ್ದಿತು. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು. 1999ರಲ್ಲಿ, ಬುಟ್ಟಿಗೆ ಬೆನ್ನುಮಾಡಿ ಚೆಂಡನ್ನು ಪುಟಿಸುತ್ತ ಐದು ಸೆಕೆಂಡುಗಳಿಗಿಂತ ಹೆಚ್ಚು ಒತ್ತಕೂಡದೆಂದು ಎನ್.ಬಿ.ಎ. ಸಂಘವು ನಿಯಮ ಮಾಡಿತು. 2001ರಲ್ಲಿ, ರಕ್ಷಣೆಯವರು ಒಬ್ಬೊಬ್ಬನೂ ಒಬ್ಬೊಬ್ಬನನ್ನೇ ಕಾಯಬೇಕೆಂಬ ಹಳೆಯ ಕಟ್ಟನ್ನು ಸಡಿಲಿಸಿತು. ಅದಕ್ಕೆ ಮುಂಚೆ ಉಳಿದವರೆಲ್ಲರೂ ಒಂದು ಪಕ್ಕಕ್ಕೆ ಸರಿದು, ಮಲ್ಲರಿಬ್ಬರಿಗೆ ಅಖಾಡ ಬಿಟ್ಟುಕೊಡುವುದು ಸಾಧ್ಯವಿದ್ದಿತು. ಆ ಮೇಲೆ ಚೆಂಡು ಬರುವುದಕ್ಕೆ ಮೊದಲೇ ಇನ್ನೊಬ್ಬನು ಮಹಾಕಾಯನ ಪಕ್ಕದಲ್ಲಿ ಬಂದು ನಿಲ್ಲಬಹುದಾಯಿತು. ಮೂರನೆಯದು, ಎಲ್ಲಕ್ಕಿಂತ ಬಲವಾದುದು, ದೂರದ ಗೆರೆ. 1979ರಲ್ಲಿ ಎನ್.ಬಿ.ಎ. ಬುಟ್ಟಿಯಿಂದ 23 ಅಡಿ 9 ಅಂಗುಲ ದೂರದಲ್ಲಿ ಒಂದು ಕಮಾನಿನ ಗೆರೆಯನ್ನೆಳೆದು, ಅದರಾಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕಗಳೆಂದಿತು.

ಮೊದಲು ಇದನ್ನು ಒಂದು ತಮಾಷೆಯೆಂದೇ ಜನರು ಎಣಿಸಿದರು. ಆ ವರ್ಷ ಒಂದೊಂದು ತಂಡವು ಪಂದ್ಯಕ್ಕೆ ಸರಾಸರಿ ಮೂರು ಸಲ ಕೂಡ ಆ ದೂರದಿಂದ ಎಸೆಯಲಿಲ್ಲ. 2018–19ರ ಋತುವಿನಲ್ಲಿ ಆ ಸಂಖ್ಯೆ 32! ಕಾರಣವು ಮಕ್ಕಳಿಗೂ ತಿಳಿಯುವ ಲೆಕ್ಕ. ಹತ್ತಿರದಿಂದ ಎರಡು ಸಲಕ್ಕೆ ಒಂದು ಸಲ ಗುರಿ ಮುಟ್ಟಿದರೆ ಬರುವಷ್ಟೇ ಫಲ ದೂರದಿಂದ ಮೂರು ಸಲಕ್ಕೆ ಒಂದು ಸಲ ಮುಟ್ಟಿದರೂ ಬರುವುದು. ಬೆವರಿಳಿಸಿ ಒತ್ತಿ ಗಳಿಸುತ್ತಿದ್ದುದನ್ನು ದೂರ ನಿಂತು ಗಳಿಸಬಹುದಾದರೆ, ಒತ್ತುವವರಾರು?

ಈ ಲೆಕ್ಕವು ಮನುಷ್ಯರ ಬಾಳಿನ ಮೇಲೆ ಬಿದ್ದ ಬಗೆಯನ್ನು ಇಬ್ಬರಲ್ಲಿ ನೋಡಬಹುದು. ಬ್ರೂಕ್ ಲೋಪೆಜ್ ಎಂಬ ಏಳಡಿಯ ಆಟಗಾರನು ವೃತ್ತಿಯ ಮೊದಲ ಎಂಟು ಋತುಗಳಲ್ಲಿ ಒಟ್ಟು ಮೂರು ಸಲ ಮಾತ್ರ ದೂರದ ಬುಟ್ಟಿ ಹಾಕಿದ್ದನು. ಒಂಬತ್ತನೆಯ ಋತುವಿನಲ್ಲಿ 134 ಹಾಕಿದನು. ಕಲಿತುದನ್ನು ಬದಿಗಿಟ್ಟು ಹೊಸದಾಗಿ ಅಕ್ಷರಾಭ್ಯಾಸ ಮಾಡಿದ ಅವನು ಉಳಿದುಕೊಂಡು, 2021ರಲ್ಲಿ ಮಿಲ್ವಾಕಿ ತಂಡದೊಡನೆ ಪಟ್ಟವನ್ನೂ ಕಂಡನು. 7 ಅಡಿ 2 ಅಂಗುಲದ ರಾಯ್ ಹಿಬ್ಬರ್ಟ್ 2014ರಲ್ಲಿ ತಾರಾಪಂದ್ಯಕ್ಕೆ ಆಯ್ಕೆಯಾದವನು. 2017ರ ಬಳಿಕ ಆ ಅಂಗಳದಲ್ಲಿ ಅವನು ಆಡಲಿಲ್ಲ. ಅವನ ಎತ್ತರ ಒಂದಂಗುಲವೂ ಕಡಮೆಯಾಗಿರಲಿಲ್ಲ. ಎತ್ತರದ ಬೆಲೆ ಮಾತ್ರ ಇಳಿದಿದ್ದಿತು. ತಾರಾಪಂದ್ಯದ ಮತಪತ್ರದಿಂದ ‘ಸೆಂಟರ್’ ಎಂಬ ಸ್ಥಾನದ ಹೆಸರನ್ನೇ 2012ರಲ್ಲಿ ಕೈಬಿಟ್ಟಿದ್ದರು. ಕಲಿತ ವಿದ್ಯೆಯ ಬೆಲೆಯು ಕಲಿತವನ ಕೈಯಲ್ಲಿರುವುದಿಲ್ಲವೆಂಬ ಮಾತು ಕಠಿನವಾದರೂ ನಿಜ.

ಇನ್ನು ಈ ದೂರದ ಗೆರೆಯನ್ನು ಬೆಳೆಯಿಸಿದವರು ಯಾರೆಂದು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ಎನ್.ಬಿ.ಎ.ಗೆ ಪ್ರತಿಸ್ಪರ್ಧಿಯಾಗಿ 1967ರಲ್ಲಿ ಹೊಸದೊಂದು ವೃತ್ತಿಪರ ಸಂಘ ಹುಟ್ಟಿತು. ಅಲ್ಪಾಯುವಾದ ಬೇರೊಂದು ಸಂಘವು ಹಿಂದೆ ಪ್ರಯೋಗಿಸಿ ಬಿಟ್ಟಿದ್ದ ಮೂರು ಅಂಕಗಳ ಗೆರೆಯನ್ನು ಈ ಸಂಘವು ಆರಂಭದಲ್ಲಿಯೇ ಎತ್ತಿಕೊಂಡಿತು. ಗಿಡ್ಡ ಆಟಗಾರನಿಗೂ ಅವಕಾಶವಾಗಲಿ, ಬುಟ್ಟಿಯ ಬಳಿಯ ನೂಕುನುಗ್ಗಲು ಚದುರಲಿ ಎಂಬುದು ಅದರ ಆಶಯ. ಆ ಸಂಘದ ಮೊದಲ ಅಧಿಪತಿ ಜಾರ್ಜ್ ಮೈಕನ್! ಯಾವನನ್ನು ತಡೆಯಲು ಓಣಿಯನ್ನು ಅಗಲಿಸಿದರೋ ಅವನೇ ತನ್ನ ಕುಲದವರನ್ನು ಬುಟ್ಟಿಯಿಂದ ದೂರಕ್ಕೆಳೆದ ಗೆರೆಯನ್ನು ಎತ್ತಿಹಿಡಿದನು. ಇದನ್ನು ವಿಧಿಯ ಅಣಕವೆಂದು ನಗಬಹುದು. ನನಗೆ ಇದರಲ್ಲಿ ಹಿರಿತನವೇ ಹೆಚ್ಚಾಗಿ ಕಾಣುತ್ತದೆ. ಒದಗಲಾರನೆನಿಸಿಕೊಂಡ ದೇಹಕ್ಕೆ ಎಡೆ ಮಾಡಿಕೊಟ್ಟ ಆಟವು ತನ್ನಂತಲ್ಲದವರಿಗೂ ಎಡೆ ಕೊಡಲೆಂದು ಅವನು ಬಯಸಿದುದರಲ್ಲಿ ತಪ್ಪೇನು? 2005ರಲ್ಲಿ ಮೈಕನ್ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚವನ್ನು ತಾನು ವಹಿಸುವೆನೆಂದು ಮುಂದೆ ಬಂದವನು ಷಕೀಲ್ ಓನೀಲ್. ಹಳೆಯ ಕಲೆಯ ಕಡೆಯ ಮಲ್ಲನು ಮೊದಲ ಮಲ್ಲನ ಋಣವನ್ನು ಮರೆಯಲಿಲ್ಲ.

ಹಾಗಾದರೆ ಕಂಬದ ಆಟ ಅಳಿದೇಹೋಯಿತೇ? 2000ದಲ್ಲಿ ಓನೀಲನಿಗೆ ದೊರೆತ ವರ್ಷದ ಶ್ರೇಷ್ಠ ಆಟಗಾರನೆಂಬ ಗೌರವವು ಮತ್ತೆ ಒಬ್ಬ ಸೆಂಟರ್ ಆಟಗಾರನಿಗೆ ಸಂದುದು 2021ರಲ್ಲಿ. ಅವನು ಸರ್ಬಿಯಾದ ಸೊಂಬೋರ್ ಊರಿನ ನಿಕೊಲಾ ಯೋಕಿಚ್. ಹೆಚ್ಚು ಜಿಗಿಯುವವನಲ್ಲ, ವೇಗವಾಗಿ ಓಡುವವನೂ ಅಲ್ಲ. 2014ರ ಆಯ್ಕೆಯಲ್ಲಿ ನಲವತ್ತೊಂದನೆಯವನಾಗಿ ಬಂದವನು. ಅವನು ಹಳಬರಂತೆಯೇ ಬುಟ್ಟಿಗೆ ಬೆನ್ನುಮಾಡಿ ನಿಲ್ಲುತ್ತಾನೆ, ಒತ್ತುತ್ತಾನೆ. ಆದರೆ ಇಬ್ಬರು ಮೇಲೆ ಬಿದ್ದೊಡನೆ ಮೂರನೆಯ ಕಡೆಯಲ್ಲಿ ಬರಿದಾದ ಸ್ಥಳವನ್ನು ಕಂಡು ಚೆಂಡನ್ನು ಅಲ್ಲಿಗೆ ಕಳುಹಿಸುತ್ತಾನೆ. 2023ರಲ್ಲಿ ಡೆನ್ವರ್ ತಂಡಕ್ಕೆ ಪಟ್ಟ ಬಂದುದು ಹೀಗೆ. 2024–25ರಲ್ಲಿ ಅವನು ಅಂಕಗಳಲ್ಲಿ, ಮರುಚೆಂಡು ಹಿಡಿಯುವುದರಲ್ಲಿ, ಜೊತೆಗಾರರಿಗೆ ಬುಟ್ಟಿ ಒದಗಿಸುವುದರಲ್ಲಿ, ಮೂರರಲ್ಲಿಯೂ ಪಂದ್ಯಕ್ಕೆ ಸರಾಸರಿ ಹತ್ತನ್ನು ಮೀರಿದನು. ಅವನ ಸ್ಥಾನದಲ್ಲಿ ಆಡಿದವರಾರೂ ಹಿಂದೆ ಅದನ್ನು ಸಾಧಿಸಿರಲಿಲ್ಲ.

ದೂರದ ಗೆರೆಯು ಅಂಗಳವನ್ನು ಹರಡಿ ಬರಿದುಮಾಡದಿದ್ದರೆ ಅವನ ಕಣ್ಣಿಗೆ ಕಾಣುವುದಕ್ಕೆ ಏನೂ ಇರುತ್ತಿರಲಿಲ್ಲ. ಮೈಕನ್ನನ ಕಂಬವು ಭಾರ ಹೊರುವುದಾಗಿದ್ದಿತು, ಈಗಿನದು ದೀಪಸ್ತಂಭ. ಹಳೆಯ ಒತ್ತಾಟವನ್ನು ನೋಡಿ ಬೆಳೆದವರು ಅದಕ್ಕಾಗಿ ಮರುಗಿದರೆ ನಾವು ಹಳಿಯಬೇಕಾದುದಿಲ್ಲ. ಕೈಬಿಟ್ಟುಹೋದ ಕುಶಲತೆಗೆ ಆ ಮಟ್ಟಿನ ಗೌರವ ಸಲ್ಲತಕ್ಕದ್ದೇ. ಆದರೆ ನೇಸ್ಮಿತನು ಬುಟ್ಟಿಯನ್ನು ಮೇಲೆ ಕಟ್ಟಿದುದು ಬಲಕ್ಕಿಂತ ನಯವು ಮುಂದಾಗಲೆಂದು. ನೂರಮೂವತ್ತು ವರ್ಷಗಳ ಸುತ್ತುದಾರಿ ನಡೆದು ಮಹಾಕಾಯನೂ ಆ ಮಾತಿಗೇ ಬಂದು ನಿಂತಿದ್ದಾನೆ.